ಹರಿಹರ ಸೀಮೆಯ ಮಾಳಿಗೆ ಮನೆ ಮತ್ತು ಹಗೇವು

ಹರಿಹರೇಶ್ವರ ದೇವಾಲಯಕ್ಕೆ ಖಚಿತವಾದ ಕಾಲವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಅದನ್ನು 1224ರಲ್ಲಿ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದನ್ನು ವಿಸ್ತರಿಸಿದ. ತುಂಗಭದ್ರೆಗೆ ಹರಿದ್ರಾ ಕೂಡುವ ಈ ಊರಿನ ಶಾಸನಗಳು ದತ್ತಿ ಬಿಟ್ಟ ಭೂಮಿಯ ಮಾತಾಡುತ್ತವೆ. ಆ ಭೂಮಿ ಉತ್ತವನ ಮನೆ ಶಾಸನದ ವಿಷಯವಲ್ಲ. ಅದನ್ನು ತಿಳಿಯಲು ದಾವಣಗೆರೆ-ಹರಿಹರ ಸುತ್ತಿನ ಹಳ್ಳಿಗಳಲ್ಲಿ ಉಳಿದಿರುವ ಮಾಳಿಗೆ ಮನೆಗಳನ್ನೇ ನೋಡಬೇಕು.

ಈ ಮನೆಯ ಅಳತೆ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಮನೆ ಎಷ್ಟು ದೊಡ್ಡದೆಂದರೆ ಇಷ್ಟು ಅಂಕಣದ್ದು ಎನ್ನುತ್ತಾರೆ. ಬಾಗಿಲು ದಾಟಿದರೆ ತಗ್ಗಿನಲ್ಲಿ ದನಗಳ ಜಾಗ, ಗೋದಲಿ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ, ದೇವರಮನೆ. ದಪ್ಪ ಗೋಡೆಗೆ ಕಿಟಕಿಗಳು ಕಡಿಮೆ, ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತದೆ. ತೊಲೆ, ಜಂತೆಗಳ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಏನೂ ಬೆಳೆಯದ ಈ ಸವಳು ಮಣ್ಣು ನೆನೆದಾಗ ಕಣಕಣವಾಗಿ ಬಿಡಿಸಿಕೊಂಡು ಸಂದುಗಳನ್ನೆಲ್ಲ ಮುಚ್ಚುತ್ತದೆ, ನೀರು ಕೆಳಗಿಳಿಯದು. ಮುಂಗಾರಿಗೆ ಮುಂಚೆ ಹೊಸ ಪದರ ಹಾಕುವುದು ವರ್ಷದ ಕೆಲಸ. ಬೇಸಾಯಕ್ಕೆ ಬಾರದ ನೆಲವನ್ನೇ ಚಾವಣಿಗೆ ಏರಿಸಿದ ಈ ತಿಳಿವಳಿಕೆಯನ್ನು ನಾನು ವಾಸ್ತುಶಿಲ್ಪವೆಂದೇ ಕರೆಯುತ್ತೇನೆ.

ಮನೆಯ ಇನ್ನರ್ಧ ನೆಲದೊಳಗಿತ್ತು: ಕಾಳು ಕೂಡಿಡುವ ಗುಂಡಿ, ಹಗೇವು. ಎರೆ ಮಣ್ಣು ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರಲ್ಲಿ ಹಗೇವು ನಿಲ್ಲದು. ಗಟ್ಟಿ ಗೊರಚು ನೆಲ ಬೇಕು. ಅಂಥ ನೆಲವಿದ್ದಲ್ಲಿ ಮನೆಯ ಮುಂದೆ, ಓಣಿಯಲ್ಲಿ, ಒಬ್ಬ ಇಳಿಯುವಷ್ಟೇ ಬಾಯಿ ಬಿಟ್ಟು ಕೆಳಗೆ ಅಗಲವಾಗುವಂತೆ ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ಒಣಗಿದ ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಕಾಳು, ಹುಳುಗಳ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಮುಗಿದು ಹುಳು ಸಾಯುತ್ತದೆ. ಮನುಷ್ಯನಿಗೂ ಅಲ್ಲಿ ಅದೇ ಅಪಾಯ. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಬಂತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಭತ್ತ ಚೀಲದಲ್ಲಿ ಗಿರಣಿಗೆ ಹೋಯಿತು. ನೆಲದ ತೇವ ಏರಿದಲ್ಲಿ ಹಗೇವು ಕೆಲಸಕ್ಕೆ ಬಾರದಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಅಂಕಣ ಬರಿದಾಯಿತು. ಮಾಳಿಗೆ ಮನೆ ಅಳಿಯಲು ಸಿಮೆಂಟಿನ ಮೋಹವೊಂದೇ ಕಾರಣ ಎನ್ನುವುದನ್ನು ನಾನು ಒಪ್ಪಲಾರೆ. ಬೆಳೆ ಬದಲಾದಾಗಲೇ ಮನೆಯ ಕೆಳಗಿನರ್ಧ ಹೋಗಿತ್ತು. ಆದರೂ ನಾಲೆ ತಂದ ಸಮೃದ್ಧಿ ರೈತನಿಗೆ ಬೇಕೇ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಳ್ಳಿಯನ್ನು ಕಾಪಿಡುವ ಯತ್ನಗಳು ನಮ್ಮಲ್ಲಿ ಕಡಿಮೆಯೇನಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. ಹರಿಹರದಿಂದ ಹುಬ್ಬಳ್ಳಿಯತ್ತ ಹೆದ್ದಾರಿಯಲ್ಲಿ ಹೋದರೆ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಆಳೆತ್ತರದ ಕಾಂಕ್ರೀಟ್ ಶಿಲ್ಪಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಅಲ್ಲಿ ನಿಂತಿದೆ. ನನಗೆ ಎರಡರ ಬಗ್ಗೆಯೂ ಗೌರವವಿದೆ. ಆದರೆ ಹಗೇವನ್ನು ಒಯ್ದು ಬೇರೆಡೆ ಇಡಲು ಬಾರದು. ಅದು ಆ ಓಣಿಯ, ಆ ಗೊರಚಿನ ಸ್ವತ್ತು. ದಾವಣಗೆರೆ, ಹರಿಹರ ತಾಲ್ಲೂಕುಗಳ ಪಂಚಾಯಿತಿಗಳು ಓಣಿಗೆ ಕಾಂಕ್ರೀಟ್ ಹಾಕುವ ಮುನ್ನ ಮುಚ್ಚಿದ ಹಗೇವುಗಳನ್ನು ಹಿರಿಯರಿಂದ ಕೇಳಿ ಗ್ರಾಮನಕ್ಷೆಯಲ್ಲಿ ಗುರುತಿಸಬೇಕು; ಆಳ, ಬಾಯಿಯ ಅಗಲ, ಮಣ್ಣಿನ ಬಗೆ, ಯಾವ ಮನೆಯದೆಂಬ ವಿವರ ಬರೆದಿಡಬೇಕು. ಕಾಳು ತುಂಬಿದ ಕೈಗಳು ಇನ್ನೂ ಕೆಲವು ಊರಲ್ಲಿವೆ.