‘ಹಿರಿಯ’: ಯಾರಿಗಿಂತ?

ಗದಗ ತಾಲ್ಲೂಕಿನಲ್ಲಿ ಹಿರೇಹಂದಿಗೋಳ ಎಂಬ ಊರಿದೆ, ಚಿಕ್ಕಹಂದಿಗೋಳವೂ ಇದೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ‘ಹಿರೇ’ ಎಂಬ ವಿಶೇಷಣವೇ ಬೇಕಾಗುತ್ತಿರಲಿಲ್ಲ. ‘ಹಿರಿಯ’ ಎಂಬುದು ಇನ್ನೊಬ್ಬರನ್ನು ಎದುರಿಗಿಟ್ಟುಕೊಂಡೇ ಅರ್ಥ ಕೊಡುವ ಪದ. ಧರ್ಮಸಭೆಯಲ್ಲಿ ಅದು ಪದವಿಯ ಹೆಸರಾದಾಗ ಆ ಇನ್ನೊಬ್ಬರು ಎಲ್ಲಿಗೆ ಹೋದರು?

ಪದ ಹಳೆಯದು. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸುವ ಊರುಗಳಲ್ಲಿ ಅದೂ ಒಂದು. ‘ಪುಲಿ’ ಹುಲಿಯಾದಂತೆಯೇ ಹಳಗನ್ನಡದ ‘ಪಿರಿಯ’ನು ‘ಹಿರಿಯ’ನಾದನು. ಗಾತ್ರ, ವಯಸ್ಸು, ಮಾನ ಮೂರನ್ನೂ ಈ ಒಂದೇ ಪದ ಹೊರುತ್ತದೆ.

ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಊರ ಹಿರಿಯರು ಕೂಡಿ ವ್ಯಾಜ್ಯ ತೀರಿಸುವ ನಾಡಿನಲ್ಲಿ ‘ಸಭೆಯ ಹಿರಿಯರು’ ಎಂಬ ಮಾತಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಕನ್ನಡ ಬೈಬಲಿನಲ್ಲಿ ಇದು ‘ಪ್ರೆಸ್ಬುತೆರೊಸ್’ ಎಂಬ ಗ್ರೀಕ್ ಪದಕ್ಕೆ ನಿಂತಿದೆ. ಆ ಪದವೂ ವ್ಯಾಕರಣದಲ್ಲಿ ತರತಮವಾಚಕವೇ: ‘ಹೆಚ್ಚು ವಯಸ್ಸಾದವನು’. ಲೂಕ 15:25ರ ಹಿರಿಯ ಮಗನಿಗೂ ಇದೇ ಪದ. ಪೇತ್ರನಾದರೋ (1 ಪೇತ್ರ 5:1) ತನ್ನನ್ನು ‘ಜೊತೆಯ ಹಿರಿಯ’ನೆಂದು ಕರೆದುಕೊಂಡು, ಉಳಿದ ಹಿರಿಯರ ಸಾಲಿನಲ್ಲೇ ನಿಲ್ಲುತ್ತಾನೆ. ಅನುವಾದಕರು ಇದಕ್ಕಿಂತ ಒಳ್ಳೆಯ ಪದವನ್ನು ಆರಿಸಲಾಗುತ್ತಿರಲಿಲ್ಲವೆಂಬುದು ನನ್ನ ಎಣಿಕೆ.

ಕಥೋಲಿಕರಾದ ನಾವು ಅದೇ ಪ್ರೆಸ್ಬುತೆರೊಸನನ್ನು ‘ಗುರು’ ಎಂದೆವು. ನಮ್ಮ ಲಗ್ನಪತ್ರಿಕೆಗಳಲ್ಲಿ ‘ಗುರು-ಹಿರಿಯರು’ ಬೇರೆಬೇರೆ ಜನ. ದೀಕ್ಷೆ ಪಡೆದವನು ಮೊದಲನೆಯವನು, ಮನೆಯ ಅಜ್ಜ ಎರಡನೆಯವನು. ‘ಗುರು’ವಿಗೂ ಛಂದಸ್ಸಿನಲ್ಲಿ ‘ಲಘು’ ಎಂಬ ಜೊತೆಗಾರನಿದ್ದಾನೆ. ಬದುಕಿನಲ್ಲಿ ಆ ಜೊತೆ ಕಳಚಿ, ತೂಕ ಮಾತ್ರ ಉಳಿದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗುರುಗಳ ಕುರಿತ ತನ್ನ ಆಜ್ಞಾಪತ್ರದ ಶೀರ್ಷಿಕೆಗೆ ‘ಪ್ರೆಸ್ಬಿತೆರ್’ ಪದವನ್ನೇ ಆರಿಸಿತು. ಕನ್ನಡಕ್ಕೆ ಬರುವಾಗ ಆ ಆಯ್ಕೆ ಕಾಣದಾಗುತ್ತದೆ. ಇದು ಸಣ್ಣ ನಷ್ಟವಲ್ಲ.

ಇಂದಿನ ಕಾನೂನಿನಂತೆ 25 ತುಂಬಿದವನು ಗುರುದೀಕ್ಷೆ ಪಡೆಯಬಹುದು. ಮುಂಡರಗಿಯ ಕಡೆಯ ಹಳ್ಳಿಯೊಂದರಲ್ಲಿ ಅವನಿಗೆ ಕೈಮುಗಿಯುವವರು ಅವನ ಅಜ್ಜನ ವಯಸ್ಸಿನವರು. ತಿಮೊಥೇಯನ ಸ್ಥಿತಿಯೂ ಇದೇ ಆಗಿತ್ತು. ಅವನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ‘ಪ್ರೆಸ್ಬುತೆರೊಸ್’ ಎರಡು ಅರ್ಥಗಳಲ್ಲಿ ಬರುತ್ತದೆ: 17ನೆಯ ವಚನದಲ್ಲಿ ಸಭೆಯನ್ನು ನಡೆಸುವ ಅಧಿಕಾರಿ; ಅದಕ್ಕೂ ಮೊದಲು, 1ನೆಯ ವಚನದಲ್ಲಿ, ಗದರಿಸದೆ ತಂದೆಯೆಂದೆಣಿಸಿ ಮಾತನಾಡಿಸಬೇಕಾದ ಮುದುಕ.