ಲೇಬರ್ ವಾರ್ಡಿನ ಬಾಗಿಲು ದಾಟಿದ ಮೇಲೆ

ಹೆರಿಗೆಯಾದ ಸುದ್ದಿ ಬಂದರೆ ‘ಗಂಡೋ ಹೆಣ್ಣೋ’ ಎಂದಷ್ಟೇ ಕೇಳುತ್ತಿದ್ದ ಕಾಲವಿತ್ತು. ಈಗ ಅದರ ಬೆನ್ನಿಗೇ ‘ನಾರ್ಮಲ್ಲಾ, ಸಿಜೇರಿಯನ್ನಾ’ ಎಂಬ ಪ್ರಶ್ನೆ ಬರುತ್ತದೆ. ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತದೆ. 2005-06ರಲ್ಲಿ ಅದು ಸುಮಾರು ಶೇ. 65 ಇತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟು ಹೊತ್ತಿಗೆ ಅವರ ಕಸುಬನ್ನು ಊರಿನಿಂದ ಎತ್ತಂಗಡಿ ಮಾಡಿ ಆಗಿತ್ತು.

ಆಸ್ಪತ್ರೆಗೆ ಹೋದರೆ ಜೀವ ಉಳಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದೇನಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಹೆರಿಗೆ ಆಸ್ಪತ್ರೆ ಎಂದರೆ ಬಾಣಂತಿ ಜ್ವರದ ತವರು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದು ವೈದ್ಯ ವಿದ್ಯಾರ್ಥಿಗಳದ್ದು, ಇನ್ನೊಂದು ಸೂಲಗಿತ್ತಿಯರದ್ದು. ಮೊದಲನೆಯದರಲ್ಲಿ ಸಾವು ಹೆಚ್ಚೆಂಬುದು ಊರಿಗೆಲ್ಲ ಗೊತ್ತಿತ್ತು. ತಮ್ಮನ್ನು ಅಲ್ಲಿಗೆ ಹಾಕಬೇಡಿ ಎಂದು ಹೆಂಗಸರು ಕೈಮುಗಿದು ಬೇಡುತ್ತಿದ್ದರು. ಹೆಣ ಕೊಯ್ದು ಕಲಿತು ನೇರವಾಗಿ ಹೆರಿಗೆ ಕೋಣೆಗೆ ಬರುವ ವೈದ್ಯರ ಕೈಗಳೇ ಜ್ವರ ತರುತ್ತಿವೆ ಎಂದು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಊಹಿಸಿದ. 1847ರ ಏಪ್ರಿಲಿನಲ್ಲಿ ಶೇ. 18 ಮುಟ್ಟಿದ್ದ ಸಾವಿನ ಪ್ರಮಾಣ, ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ ಜೂನ್ ವೇಳೆಗೆ ಶೇ. 2ರ ಆಸುಪಾಸಿಗೆ ಇಳಿಯಿತು. ಆದರೂ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಅವನ ಮಾತು ಕೇಳಲಿಲ್ಲ. ಕೇಳಿದ್ದರೆ ಸತ್ತವರ ಲೆಕ್ಕವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗುತ್ತಿತ್ತು.

ನಮ್ಮಲ್ಲಿ ಅಡ್ಡಿ ಬೇರೆ ಇತ್ತು. ಗಂಡಸು ಡಾಕ್ಟರು ಮುಟ್ಟುವುದಕ್ಕಿಂತ ಸಾಯುವುದೇ ಮೇಲೆಂದು ಮನೆಯವರು ನಿರ್ಧರಿಸುತ್ತಿದ್ದರು. ಸಾಯುವವಳನ್ನು ಯಾರೂ ಕೇಳುತ್ತಿರಲಿಲ್ಲ ಅನ್ನಿ. ತಿಂಡಿವನಂನಲ್ಲಿ ಒಂದೇ ರಾತ್ರಿ ಹೀಗೆ ಮೂವರು ಹೆರಿಗೆಯಲ್ಲಿ ಸತ್ತದ್ದನ್ನು ಕಂಡೇ ಅಮೆರಿಕನ್ ಮಿಷನರಿಯ ಮಗಳು ಐಡಾ ಸ್ಕಡರ್ ಡಾಕ್ಟರಾಗಿ ಬಂದು ವೆಲ್ಲೂರಿನ ಆಸ್ಪತ್ರೆ ಕಟ್ಟಿದ್ದು. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಸಿಗಲೆಂದು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ಮೈಸೂರಿನಲ್ಲಿ 1906ರಲ್ಲಿ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು. ಬೆಂಗಳೂರಿನ ಕೋಟೆಯ ಬಳಿ ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಕಾಕತಾಳೀಯವೆಂದರೆ, ಜರ್ಮನಿಯಲ್ಲಿ ಪ್ರಾಂಟೋಸಿಲ್ ಎಂಬ ಸಲ್ಫಾ ಔಷಧಿಯ ಸುದ್ದಿ ಹೊರಬಿದ್ದದ್ದೂ ಅದೇ ವರ್ಷ. ಮರುವರ್ಷ ಲಂಡನ್ನಿನ ಕ್ವೀನ್ ಶಾರ್ಲಟ್ ಆಸ್ಪತ್ರೆಯಲ್ಲಿ ವೈದ್ಯ ಕೋಲ್‌ಬ್ರೂಕ್ ಅದನ್ನು ಬಾಣಂತಿ ಜ್ವರಕ್ಕೆ ಕೊಟ್ಟಾಗ ಸಾವು ದಿಢೀರನೆ ಇಳಿಯಿತು. ನೆತ್ತರು ನಿಲ್ಲಿಸುವ ಎರ್ಗೊಮೆಟ್ರಿನ್ ಗುರುತಾದದ್ದು ಕೂಡ 1935ರಲ್ಲೇ. ಮನೆಗಿಂತ ಆಸ್ಪತ್ರೆ ಲೇಸು ಎಂದು ಧೈರ್ಯವಾಗಿ ಹೇಳುವ ಸ್ಥಿತಿ ಬಂದದ್ದು ಅಲ್ಲಿಂದೀಚೆಗೆ.

ಈ ಲಾಭ ಹಳ್ಳಿಗೆ ತಲುಪಲು ಇನ್ನೂ ಎರಡು ತಲೆಮಾರು ಹಿಡಿಯಿತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದಾರೆಂದು ಅಂದಾಜು ಮಾಡಿತ್ತು. ಆಮೇಲೂ ಎಷ್ಟೋ ವರ್ಷ ಆಸ್ಪತ್ರೆ ಎಂಬುದು ಮಗು ಅಡ್ಡ ತಿರುಗಿದಾಗ, ಮಾಸು ಬೀಳದಿದ್ದಾಗ, ಎತ್ತಿನ ಗಾಡಿ ಕಟ್ಟಿಕೊಂಡು ಕೊನೆಯ ಗಳಿಗೆಯಲ್ಲಿ ಓಡುವ ಜಾಗವಾಗಿಯೇ ಉಳಿಯಿತು.

ಚಿತ್ರ ಬದಲಾದದ್ದು 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ. ಆಸ್ಪತ್ರೆಯಲ್ಲಿ ಹೆತ್ತರೆ ನಮ್ಮ ಹಳ್ಳಿಯ ಬಡ ಹೆಂಗಸಿಗೆ 700 ರೂಪಾಯಿ. ಜೊತೆಗೆ ಆಶಾ ಕಾರ್ಯಕರ್ತೆ, ತಾಯಿ ಕಾರ್ಡು, ಮಡಿಲು ಕಿಟ್ಟು, 2008ರಿಂದ 108 ಆಂಬ್ಯುಲೆನ್ಸು, ಬಾಣಂತಿಯನ್ನು ಮನೆಗೆ ಬಿಟ್ಟುಬರುವ ನಗು-ಮಗು ವಾಹನ. ಲಕ್ಷ ಜನನಕ್ಕೆ 2001-03ರಲ್ಲಿ 228 ಇದ್ದ ರಾಜ್ಯದ ತಾಯಿ ಮರಣ ಪ್ರಮಾಣ 2018-20ಕ್ಕೆ 69 ಆಯಿತು. ಇದರ ಪೂರ್ತಿ ಶ್ರೇಯ ಆಸ್ಪತ್ರೆಯದ್ದೇ ಎನ್ನಲಾಗದು. ಹೆರುವ ಸಲಗಳು ಕಡಿಮೆಯಾದವು, ಮದುವೆಯ ವಯಸ್ಸು ಏರಿತು, ರಸ್ತೆಗಳಾದವು.

ಜನನಿ ಸುರಕ್ಷಾ ಯೋಜನೆಯ ದೊಡ್ಡ ಕುರುಡುತನ ಎಂದರೆ ಅದು ಎಣಿಸಿದ್ದು ಬಾಗಿಲು ದಾಟಿದವರನ್ನು ಮಾತ್ರ. ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮುಂತಾದವರು ಸತ್ತ ತಾಯಂದಿರ ಕತೆಗಳನ್ನು ಮನೆಮನೆಗೆ ಹೋಗಿ ಕೇಳಿ ದಾಖಲಿಸಿದಾಗ ಕಂಡದ್ದು, ಆಸ್ಪತ್ರೆಗೆ ಹೋಗದೆ ಸತ್ತವರ ಜೊತೆಗೆ ಒಂದರಿಂದ ಇನ್ನೊಂದಕ್ಕೆ ಅಲೆದು ಸತ್ತವರೂ ಇದ್ದರೆಂಬುದು. ‘ರೆಫರ್’ ಎಂಬ ಪದ ಇವತ್ತು ಹಳ್ಳಿಯ ಅಜ್ಜಿಗೂ ಗೊತ್ತು. ಬೆಂಗಳೂರಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಪಾಲಿಕೆಯ ಹೆರಿಗೆ ಆಸ್ಪತ್ರೆಗಳ ಸಮೀಕ್ಷೆ ಮಾಡಿದಾಗ, ಹೆತ್ತ ಮಗುವಿನ ಮುಖ ನೋಡಲೂ ಲಂಚ ಕೊಡಬೇಕೆಂದು ತಾಯಂದಿರು ಹೇಳಿದ್ದರು. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳುಹಿಸಲಾಯಿತೆನ್ನಲಾದ ಗರ್ಭಿಣಿಯೊಬ್ಬಳು ಮನೆಯಲ್ಲೇ ಹೆತ್ತು ಅವಳಿ ಮಕ್ಕಳೊಂದಿಗೆ ತೀರಿಕೊಂಡಳು. ಸೌಲಭ್ಯ ಕೊಡಲೆಂದು ಮಾಡಿದ ಕಾರ್ಡು ಬಾಗಿಲಿಗೆ ಚಿಲಕವಾಯಿತು.

ಒಳಗಿನ ಕೆಲಸವನ್ನು ಸುಧಾರಿಸುವ ವಿದ್ಯೆಯಲ್ಲಿ ಒಂದು ಮುಖ್ಯ ಅಧ್ಯಾಯ ನಮ್ಮ ಬೆಳಗಾವಿಯದ್ದು, ಅದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. ಹೆರಿಗೆಯಲ್ಲಿ ಸಾಯುವವರಲ್ಲಿ ಬಹಳ ಜನ ಸಾಯುವುದು ನೆತ್ತರು ಹರಿದು. ಆದರೆ ಎಷ್ಟು ಹರಿಯಿತು? ಒಂದಿಷ್ಟು ಸೀರೆಗೆ ಹತ್ತುತ್ತದೆ, ಒಂದಿಷ್ಟು ನೆಲಕ್ಕೆ, ಒಂದಿಷ್ಟು ಗರ್ಭಚೀಲದ ನೀರಿನೊಂದಿಗೆ ಬೆರೆಯುತ್ತದೆ. ಕಣ್ಣಂದಾಜಿನಲ್ಲಿ ಅನುಭವಿ ಡಾಕ್ಟರೂ ಕಡಿಮೆಯೇ ಹೇಳುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಇದಕ್ಕೆ ರೂಪಿಸಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹೊರಬಂದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸಿ ಹೊಟ್ಟೆಯ ಮೇಲೆ ಲಾಡಿ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. 500ರ ಗೆರೆ ದಾಟಿತೋ, ಎಚ್ಚರ.

ಈ ಹಾಳೆ ಹಿಡಿದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ಪ್ರಯೋಗ ನಡೆಯಿತು. ನೆತ್ತರು ತಡೆಯುವ, ಸೂಜಿಯಾಗಲಿ ಫ್ರಿಜ್ಜಾಗಲಿ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಕೊಟ್ಟವರು ಡಾಕ್ಟರಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಅಳತೆಯ ಚೀಲ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಪ್ರಯೋಗ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥದೇ ಹಾಳೆಯಿಂದ ಅಳೆದು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರುಮಾಡಿದರೆ ತೀವ್ರ ರಕ್ತಸ್ರಾವದ ಅನಾಹುತ ಶೇ. 60ರಷ್ಟು ತಗ್ಗುತ್ತದೆಂದು ತೋರಿಸಿತು.

ಎಲ್ಲ ಉಪಾಯಗಳೂ ಹೀಗೆ ಫಲ ಕೊಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ ಹೆರಿಗೆ ಪಟ್ಟಿ’ಯನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ. ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ ಹತ್ತನ್ನು ಮಾಡುತ್ತಿದ್ದ ಸಿಬ್ಬಂದಿ ಪಟ್ಟಿ ಬಂದ ಮೇಲೆ 25ನ್ನು ಮಾಡಿದರು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳಿಗೆ ಒಯ್ದಾಗ ಅಲ್ಲೂ ರೂಢಿ ಸುಧಾರಿಸಿತು, ಆದರೆ ಸಾವು ಇಳಿಯಲಿಲ್ಲ. ರಕ್ತ, ತಜ್ಞರು, ಆಪರೇಷನ್ ಥಿಯೇಟರು ಇಲ್ಲದ ಕಡೆ ಬರೀ ಟಿಕ್ ಹಾಕುವ ಕಾಗದ ಎಷ್ಟೆಂದು ಮಾಡೀತು?

ಇನ್ನು ಸಿಜೇರಿಯನ್. 2005-06 ಮತ್ತು 2019-21ರ ಎರಡು ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವಿನ ಹದಿನೈದು ವರ್ಷದಲ್ಲಿ ರಾಜ್ಯದ ಪ್ರಮಾಣ ಶೇ. 15ರ ಆಸುಪಾಸಿನಿಂದ ಶೇ. 31 ದಾಟಿತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮೇಲೆ. ದುಡ್ಡಿನಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಅದು ಸುಳ್ಳೂ ಅಲ್ಲ. ಆದರೆ ನರ್ಸಿಂಗ್ ಹೋಮಿನಲ್ಲಿ ಇಡೀ ರಾತ್ರಿ ಒಬ್ಬರೇ ಡಾಕ್ಟರು ಕಾಯಬೇಕು. ಏನಾದರೂ ಆದರೆ ಗಾಜು ಪುಡಿಯಾಗುತ್ತದೆ. ಮುಹೂರ್ತ ಬರೆಸಿಕೊಂಡು ಬರುವವರೂ ಇದ್ದಾರೆ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕವೂ ಆತುರ ಹುಟ್ಟಿಸಿತ್ತು. ಎಲ್ಲರಿಗೂ ಆ ಲೆಕ್ಕ ಹೊಂದದು, ಹೆರಿಗೆಯ ಬಿರುಸು ಶುರುವಾಗುವುದು ಐದು ಸೆಂಟಿಮೀಟರಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಕೊಯ್ದ ಮೇಲಿನ ಅಪಾಯವೂ ಸಣ್ಣದಲ್ಲ: 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಹೋದದ್ದು ನರಕ್ಕೆ ಹಾಕಿದ ಡ್ರಿಪ್ಪಿನ ಬಾಟಲಿಯ ಮೇಲೆ.

ಕೊನೆಗೆ ಉಳಿದದ್ದು ನಡವಳಿಕೆ. ‘ಗಂಡನ ಹತ್ತಿರ ಹೋಗುವಾಗ ಗೊತ್ತಾಗಲಿಲ್ವಾ’ ಎಂಬ ಬೈಗುಳ ಕೇಳಿಸಿಕೊಂಡೇ ಹೆತ್ತವರು ನಮ್ಮಲ್ಲಿ ಕಡಿಮೆಯಿಲ್ಲ. ಇದಕ್ಕೆ ಮದ್ದು ತರಬೇತಿ ಶಿಬಿರವಲ್ಲ, ಪಕ್ಕದಲ್ಲಿ ಅಮ್ಮನೋ ಅಕ್ಕನೋ ಒಬ್ಬರು ನಿಂತಿರುವುದು. ಜೊತೆಗೊಬ್ಬ ಹೆಂಗಸನ್ನು ಒಳಗೆ ಬಿಡಿ ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಹೆರಿಗೆ ಕೋಣೆಗಳನ್ನು ಸುಧಾರಿಸಲು ತಂದ 2017ರ ‘ಲಕ್ಷ್ಯ’ ಯೋಜನೆಯೂ ಅದನ್ನೇ ಹೇಳಿತು. ಬಿಡದಿರುವುದಕ್ಕೆ ವಾರ್ಡಿನವರು ಕೊಡುವ ಕಾರಣ ನ್ಯಾಯವಾದದ್ದೇ: ಒಂದೇ ಹಾಲಿನಲ್ಲಿ ನಾಲ್ಕಾರು ಟೇಬಲ್ಲು, ನಡುವೆ ಪರದೆಯಿಲ್ಲ, ಒಬ್ಬಳ ಅಮ್ಮ ಬಂದರೆ ಪಕ್ಕದವಳ ಮಾನದ ಗತಿಯೇನು? ಹಾಗಾದರೆ ಪರದೆ ಹಾಕಿಸಬೇಕು. ಆಪರೇಷನ್ ಥಿಯೇಟರಿಗೆ ಲಕ್ಷಗಟ್ಟಲೆ ಹಣ ಮಂಜೂರು ಮಾಡುವವರಿಗೆ ಕಬ್ಬಿಣದ ಸರಳು, ರಿಂಗು, ಹಸಿರು ಬಟ್ಟೆ ಭಾರವಾಗಲಾರದು.