ನಾಲೆಯ ನೀರು ಮತ್ತು ಮುಪ್ಪಿನ ಪಾಲು



ಮಂಡ್ಯದಿಂದ ಮದ್ದೂರಿಗೆ, ಅಲ್ಲಿಂದ ಮಳವಳ್ಳಿಗೆ ಸಾಗುವ ಹಾದಿಯ ಇಕ್ಕೆಲಗಳಲ್ಲಿ ಕಬ್ಬು, ಭತ್ತದ ಗದ್ದೆಗಳನ್ನು ನೀವು ಕಂಡಿದ್ದೀರಿ. ಈ ಹಸಿರಿನ ಬಹುಪಾಲಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿಯತೊಡಗಿದ್ದು 1930ರ ದಶಕದಲ್ಲಿ. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರು ಬಂದಿತು, ಐಶ್ವರ್ಯವೂ ಬಂದಿತು. ಆದರೆ ಆ ನೆಲದಲ್ಲಿ ದುಡಿದು ಹಣ್ಣಾದವರಿಗೆಲ್ಲ ನೆಮ್ಮದಿಯ ಮುಪ್ಪು ಸಮನಾಗಿ ದೊರೆಯಿತೇ?

ಈ ಪ್ರಶ್ನೆಗೆ ಉತ್ತರವನ್ನು ಅರಸುವಾಗ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ನೆನಪಾಗುತ್ತಾರೆ. 1922ರಲ್ಲಿ ವಿಯೆನ್ನಾದಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಆಕೆ ನಾಜಿಗಳ ಹಿಂಸೆಗೆ ಸಿಲುಕಿ, ತಾಯ್ನಾಡು ತೊರೆದು ಇಂಗ್ಲೆಂಡ್ ಸೇರಿದವರು. 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳನ್ನು ಅಭ್ಯಸಿಸಿ, 1962ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹಳ್ಳಿಗಳಿಗೆ ‘ವಂಗಲ’, ‘ದಲೇನ’ ಎಂಬ ಕಲ್ಪಿತ ಹೆಸರುಗಳನ್ನಿತ್ತರು. ವಂಗಲಕ್ಕೆ ನಾಲೆಯ ನೀರು ದಕ್ಕಿತು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿನವರು ಮಂಡ್ಯದ ನೌಕರಿ, ವ್ಯಾಪಾರಗಳತ್ತ ಮುಖ ಮಾಡಿದರು.

ವಂಗಲದಲ್ಲಿ ಆಕೆ ಗಮನಿಸಿದ ಒಂದು ಸಂಗತಿಯನ್ನು ನಾವು ಮರೆಯಬಾರದು. ಒಕ್ಕಲು ಮನೆತನಗಳಿಗೆ ತಲೆತಲಾಂತರದಿಂದ ದುಡಿಯುತ್ತಿದ್ದ ದಲಿತ ಕುಟುಂಬಗಳಿಗೆ ವರ್ಷಕ್ಕೊಮ್ಮೆ ನಿಗದಿತ ಅಳತೆಯ ಧಾನ್ಯ ಸಲ್ಲುತ್ತಿತ್ತು. ಸುಗ್ಗಿ ಹುಲುಸಾದರೂ ಅದೇ ಅಳತೆ, ಬರ ಬಿದ್ದರೂ ಅದೇ ಅಳತೆ. ಕೆಟ್ಟ ವರ್ಷದಲ್ಲಿ ಆಳಿನ ಮನೆಗೂ ಒಂದು ಪಾಲು ಉಳಿಯುತ್ತಿತ್ತು. ಒಳ್ಳೆಯ ವರ್ಷದ ಹೆಚ್ಚಳವೆಲ್ಲ ಯಜಮಾನನ ಕಣಜ ಸೇರುತ್ತಿತ್ತು. ಈ ವ್ಯವಸ್ಥೆಯನ್ನು ನಾವು ಹೊಗಳಲಾಗದು. ಅದು ಹುಟ್ಟಿನಿಂದಲೇ ಮನುಷ್ಯನನ್ನು ಕೀಳಾಗಿಸಿತ್ತು. ಆದರೂ ಒಂದು ಮಾತುಂಟು: ಮನೆಗೆ ಬಂದ ಕಾಳಿನಲ್ಲಿ ದುಡಿಯಲಾರದ ಮುದುಕಿಗೂ ಒಂದು ಮುದ್ದೆ ಸಿಗುತ್ತಿತ್ತು. ದಿನಗೂಲಿಯಾದರೋ ದುಡಿದ ದಿನಕ್ಕೆ ಮಾತ್ರ ಸಲ್ಲುತ್ತದೆ. ತೋಳು ಸೋತ ದಿನ ಕೂಲಿಯೂ ನಿಲ್ಲುತ್ತದೆ.

1970ರಲ್ಲಿ ಎಪ್‌ಸ್ಟೈನ್ ಅದೇ ಹಳ್ಳಿಗಳಿಗೆ ಮರಳಿದರು. ಉಳ್ಳವರ ಸಿರಿ ಬೆಳೆದಿತ್ತು. ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿತ್ತು. ಹಳೆಯ ಕಟ್ಟು ಸಡಿಲವಾಗಿತ್ತು, ಆದರೆ ಅದು ಕೊಡುತ್ತಿದ್ದ ಅಲ್ಪ ಭದ್ರತೆಯ ಸ್ಥಾನಕ್ಕೆ ಬೇರೊಂದು ಆಸರೆ ಬಂದಿರಲಿಲ್ಲ.

ಈ ಅಂತರ ಕೇವಲ ಕಣಜದಲ್ಲಿ ಉಳಿಯುವುದಿಲ್ಲ, ಶರೀರಕ್ಕೂ ಇಳಿಯುತ್ತದೆ. ಇದಕ್ಕೆ ಸಾಕ್ಷಿ ನೆರೆಯ ಮೈಸೂರಿನಲ್ಲೇ ಇದೆ. ‘ಮಿಷನ್ ಆಸ್ಪತ್ರೆ’ಯೆಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕವನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ದಶಕಗಳ ಅನಂತರ ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದ ಸಂಶೋಧಕರು ಹಾಗೆ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚು ಎಂಬುದು 1996ರಲ್ಲಿ ಪ್ರಕಟವಾದ ಅವರ ಅಧ್ಯಯನದ ನಿಷ್ಕರ್ಷೆ. ಅರೆಹೊಟ್ಟೆಯ ಬಸುರಿಯ ಬವಣೆ ಮಗುವಿನ ಮುಪ್ಪಿನಲ್ಲಿ ಫಲಿಸಬಹುದು ಎಂಬುದು ಇದರಿಂದ ಹೊರಡುವ ಅರ್ಥ.

ರೋಗಿಗಳನ್ನು ಕಾಣಲು ಹಳ್ಳಿಗಳಿಗೆ ಹೋದಾಗ ಇದನ್ನು ನಾನು ಪುಸ್ತಕದ ಹೊರಗೂ ಓದಿದ್ದೇನೆ. ಎಪ್ಪತ್ತರ ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು ಮೊಮ್ಮಗನಿಗೆ ಗದ್ದೆಯ ಕೆಲಸ ಹೇಳುತ್ತಿದ್ದರು. ಅದೇ ಗದ್ದೆಯಲ್ಲಿ ನಾಟಿ ಹಾಕುತ್ತಾ ಬಂದ ತಾಯಿಯೊಬ್ಬಳು ಐವತ್ತೈದಕ್ಕೇ ಬಾಗಿಹೋಗಿದ್ದಳು. ಸರ್ಕಾರದ ವೃದ್ಧಾಪ್ಯ ವೇತನಕ್ಕೆ ಆಕೆಯ ವಯಸ್ಸು ಇನ್ನೂ ಸಾಲದು. “ನನ್ನ ಸೊಂಟಕ್ಕೆ ಎಂಬತ್ತಾಗದೆ ಸ್ವಾಮಿ, ಕಾಗದಕ್ಕೆ ಆಗಿಲ್ಲ” ಎಂದಳು ಆಕೆ.

ಓದುಗರೇ, ಮುಪ್ಪು ಎಲ್ಲರಿಗೂ ಬರುತ್ತದೆ ಎನ್ನುತ್ತೇವೆ. ಯಾರಿಗೆ ಎಂದು ಬರುತ್ತದೆ, ಹೇಗೆ ಬರುತ್ತದೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ನಿಮ್ಮ ಗದ್ದೆಯಲ್ಲಿ, ನಿಮ್ಮ ಮನೆಯಲ್ಲಿ ದುಡಿದು ಈಗ ಬರಲಾರದೆ ಇರುವವರು ಯಾರು? ಅವರು ಇಂದು ಹೇಗಿದ್ದಾರೆ? ಇದೊಂದನ್ನು ಈ ವಾರ ಹೋಗಿ ವಿಚಾರಿಸಿರಿ.